ಬ್ರೇಕು ನಂಬದವನು

ಡಿಪೋದ ಹಿರಿಯ ಮೇಸ್ತ್ರಿ, ಮನೆ ಮುಂದಿನ ಇಳಿಜಾರಿನಲ್ಲಿ ನಿಂತಿದ್ದ ಶವದ ವ್ಯಾನಿನ ಮುಂದಿನ ಚಕ್ರಕ್ಕೆ ಮರದ ದಿಮ್ಮಿಯನ್ನು ಒದ್ದು ಕೂರಿಸುತ್ತಿದ್ದ.

"ಹ್ಯಾಂಡ್‌ಬ್ರೇಕ್ ಹಾಕಿದೀನಿ ಕಣ್ರೀ," ಡ್ರೈವರು ಗೊಣಗಿದ.

"ನಿನ್ನ ಬ್ರೇಕನ್ನ ಅವನು ನಂಬ್ತಿರಲಿಲ್ಲಪ್ಪ. ಇವತ್ತೊಂದಿನ ಅವನ ಮಾತು ನಡೀಲಿ."

ಸತ್ತವನು ಬಸ್ ಡಿಪೋದಲ್ಲಿ ಬ್ರೇಕಿನ ಕೆಲಸದವನು. ಇಳಿಜಾರಿನಲ್ಲಿ ಯಾರ ಗಾಡಿ ನಿಂತಿದ್ದರೂ ಚಕ್ರದ ಕಡೆ ಕಣ್ಣು ಹಾಯಿಸದೆ ಮುಂದೆ ಹೋದವನಲ್ಲ. ಅವನ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. ಅಳು ಬರುತ್ತಿರಲಿಲ್ಲ, ಕಾಲು ಮಾತ್ರ ನೋಯುತ್ತಿತ್ತು.

"ಗಡ್ಡೆ ಕರಗಿತ್ತಂತೆ," ಒಳಗೆ ಅತ್ತೆ ಯಾರಿಗೋ ಹೇಳುತ್ತಿದ್ದರು. "ಮತ್ತೆ ನನ್ನ ಮಗ ಯಾಕೆ ಹೋದ? ಓದಿದವಳು, ಇವಳೇ ಒಪ್ಪಿ ಬಂದ ಮದ್ದು."

ಸೊಸೆಗೂ ಕೇಳಲಿ ಎಂದೇ ಆಡಿದ ಮಾತು.

* * *

"ರೋಗದ ಮೇಲೆ ಬೀಳೋ ಪಡೆ ನಮ್ಮ ಮೈಯಲ್ಲೇ ಇದೆ," ಡಾಕ್ಟರಮ್ಮ ಹೇಳಿದ್ದರು. "ಕ್ಯಾನ್ಸರು ಅದಕ್ಕೆ ಬ್ರೇಕ್ ಒತ್ತಿ ಹಿಡಿದಿದೆ. ಈ ಔಷಧಿ ಆ ಬ್ರೇಕ್ ಬಿಡಿಸುತ್ತೆ."

ಅವನು ನಕ್ಕಿದ್ದ. "ಊರಿಗೆಲ್ಲ ಬ್ರೇಕ್ ಹಾಕಿದವನು ನಾನು. ನನ್ನದೇ ತೆಗೀತೀರಾ? ಇಳಿಜಾರು ಬಂದ್ರೆ?"

"ಕೆಲವರಿಗೆ ಬರುತ್ತೆ. ಆ ಪಡೆ ಶ್ವಾಸಕೋಶದ ಮೇಲೇ ತಿರುಗಿ ಬೀಳಬಹುದು."

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ."

"ಹಾಗೇ. ಏದುಸಿರು ಕಂಡ ದಿನವೇ ಬನ್ನಿ. ಔಷಧಿ ನಿಲ್ಲಿಸಿ ಹತೋಟಿಗೆ ತರ್ತೀವಿ."

ಗಡ್ಡೆ ಕುಗ್ಗಿತು. ಊಟ ಸೇರಿತು. ಸಂಜೆ ಇಬ್ಬರೂ ಮನೆಯ ಏರು ಹತ್ತುವಾಗ ಅವನು ಒಂದೊಂದು ಗಾಡಿಯ ಬಳಿಯೂ ನಿಂತು ಚಕ್ರ ನೋಡುತ್ತಿದ್ದ.

"ಕಟ್ಟಿಕೊಂಡಿದ್ದು ನನ್ನನ್ನೋ ಗಾಲಿಯನ್ನೋ?" ಅವಳು ರೇಗಿಸುತ್ತಿದ್ದಳು. ಅವನು ಬಾಯಿ ತೆರೆಯದೆ, ಕೈಯಲ್ಲೇ 'ಇರು' ಎನ್ನುತ್ತಿದ್ದ.

* * *

ಮೇಸ್ತ್ರಿ ಮೆಟ್ಟಿಲ ಬಳಿ ಬಂದು ದನಿ ತಗ್ಗಿಸಿದ. "ಒಂದು ಮಾತು ಕಣಮ್ಮ. ಬಹಳ ದಿನದಿಂದ ಅವನಿಗೆ ಏದುಸಿರು. ಡಾಕ್ಟರಿಗೆ ಹೇಳೋ ಅಂದೆ. ಹೇಳಿದ್ರೆ ಮದ್ದು ನಿಲ್ಲಿಸಿಬಿಡ್ತಾರೆ, ಮನೇಲೂ ಬಾಯಿ ಬಿಡಬೇಡ ಅಂದ. ನಿಮಗೆ ಗೊತ್ತಾಗಲಿಲ್ವಾ?"

"ಏರಲ್ಲಿ ನಿಲ್ತಿದ್ರು," ಎಂದಳು. "ಗಾಡಿ ನೋಡ್ತಾರೆ ಅಂದ್ಕೊಂಡೆ."

ಅತ್ತೆ ಬಾಗಿಲಿಗೆ ಬಂದರು. "ಏನಂತೆ ಅವರದು?"

ಒಂದು ಮಾತು ಸಾಕಿತ್ತು. ತಪ್ಪಿನ ಹೊರೆ ಅವಳ ತಲೆಯಿಂದ ಇಳಿದು, ಆಗಲೇ ವ್ಯಾನಿನೊಳಗೆ ಮಲಗಿದ್ದವನ ಮೇಲೆ ಹೋಗುತ್ತಿತ್ತು.

"ಹೊರಡೋಣ್ವಾ ಅಂತ ಕೇಳಿದ್ರು ಅತ್ತೆ."

ಮೇಸ್ತ್ರಿ ತಲೆ ತಗ್ಗಿಸಿದ.

ಡ್ರೈವರು ಇಂಜಿನ್ ಚಾಲೂ ಮಾಡಿದ. ವ್ಯಾನು ಮಿಸುಕಿ ನಿಂತಿತು. ಎಲ್ಲರೂ ಚಕ್ರ ನೋಡಿದರು, ಯಾರೂ ಬಗ್ಗಲಿಲ್ಲ. ಡ್ರೈವರು ವ್ಯಾನನ್ನು ಅಂಗುಲದಷ್ಟು ಹಿಂದಕ್ಕೆ ತೆಗೆದ. ಅವಳು ಮೆಟ್ಟಿಲಿಳಿದು, ಮೊಣಕಾಲೂರಿ, ಎರಡೂ ಕೈಯಲ್ಲಿ ದಿಮ್ಮಿಯನ್ನು ಎಳೆದುಕೊಂಡಳು.

ವ್ಯಾನು ನಿಧಾನವಾಗಿ ಇಳಿಜಾರು ಹಿಡಿಯಿತು. ಅವಳ ಮಡಿಲಲ್ಲಿದ್ದ ದಿಮ್ಮಿಯ ಮೇಲೆ ಟೈರಿನ ಹಲ್ಲಿನ ಗುರುತುಗಳು ಹಸಿಯಾಗಿ ಮೂಡಿದ್ದವು.