ಮೂಸೆತ್‌ಳ ಕಿವಿ

ಕೊರೆಯುವ ಯಂತ್ರ ಸೋಮವಾರ ಬೆಟ್ಟ ಹತ್ತುತ್ತದೆ ಎಂದು ತಾಮ್ರದ ಕಂಪನಿಯವರ ಕಾಗದ ಬಂದ ದಿನವೇ, ರಿಸ್ತೆನ್‌ಳ ತಮ್ಮ ಹೇಯ್ಕಾ ಅದೇ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ವುಲ್ವರಿನ್ ಬಿಲವೊಂದನ್ನು ನೋಡಿಕೊಂಡು ಬಂದ. ನಾಯಿಯಷ್ಟೇ ಗಾತ್ರದ ಪ್ರಾಣಿ, ಆದರೆ ಹಿಮಸಾರಂಗದ ಕತ್ತು ಮುರಿಯುವುದು ಅದಕ್ಕೆ ಕಷ್ಟವಲ್ಲ. ಹೋದ ವಸಂತದಲ್ಲಿ ಈ ಅಕ್ಕ-ತಮ್ಮ ಸಾಕುವ ಸಾರಂಗಗಳ ಹಿಂಡಿನ ಹನ್ನೊಂದು ಮರಿಗಳನ್ನು ಮುಗಿಸಿತ್ತು.

"ಹೂಂ ಅನ್ನಕ್ಕಾ, ಸಾಕು. ಹಿಮಗಾಡಿ ಒಂದ್ಸಲ ಮೇಲೆ ಹತ್ತಿಸಿದ್ರೆ ಬಿಲ ಕುಸಿದುಹೋಗತ್ತೆ. ಯಾರಿಗೂ ಗೊತ್ತಾಗಲ್ಲ."

ರಿಸ್ತೆನ್ ಆ ಕಡೆಯ ರೂಢಿಯಂತೆ ಚೀಸಿನ ತುಂಡೊಂದನ್ನು ಕಾಫಿಗೆ ಹಾಕಿ, ಅದು ಮೆತ್ತಗಾಗುವ ತನಕ ಕಾದಳು. ಅವಳದು ಎಲ್ಲದರಲ್ಲೂ ಅದೇ ನಿಧಾನ.

"ನಾಳೆ ಸ್ತೂರೆ ಬರ್ತಾನೆ. ಅವನಿಗೆ ತೋರಿಸ್ತೀನಿ."

ಸ್ತೂರೆ ಕಾಡುಪ್ರಾಣಿಗಳನ್ನು ಎಣಿಸುವ ಸರಕಾರಿ ನೌಕರ. ಇದು ಮರಿಯಿರುವ ಬಿಲ ಎಂದು ಅವನು ಬರೆದುಕೊಂಡರೆ, ಬೇಸಿಗೆಯ ತನಕ ಯಾವ ಯಂತ್ರವೂ ಆ ಇಳಿಜಾರಿಗೆ ಹೋಗುವಂತಿಲ್ಲ.

"ನಮ್ಮ ಮರಿ ತಿನ್ನೋದನ್ನ ನಾವೇ ಕಾಯ್ಬೇಕಾ? ಹೋಗ್ತಾ ನಿನ್ನ ಚೀಸನ್ನೂ ಕೊಟ್ಟು ಬಾ."

"ಅದು ಹತ್ತು ಮರಿ ತಿನ್ನತ್ತೆ ಕಣೋ. ಯಂತ್ರ ಗುಡುಗಿದ್ರೆ ಒಂದು ತಾಯೀನೂ ಆ ಕಡೆ ಮುಖ ಹಾಕಲ್ಲ. ಹಿಮ ಮೊದಲು ಕರಗೋ ಜಾಗ ಅದೊಂದೇ. ಬೇರೆ ಎಲ್ಲಿ ಈಯ್ತವೆ, ನಿನ್ನ ಅಡುಗೆಮನೇಲಾ?"

ಹೇಯ್ಕಾ ಮಾತು ಬದಲಿಸಿದ: "ಮೂಸೆತ್ ಸಿಕ್ಕಿದ್ಲಾ?"

"ಇಲ್ಲ."

ಮೂಸೆತ್ ಹಿಂಡಿನ ಮುಂದಾಳು, ಕಪ್ಪು ಮೈಯ ಮುದಿ ಹೆಣ್ಣು ಸಾರಂಗ. ಪ್ರತಿ ವಸಂತದಲ್ಲೂ ಕತ್ತಿನ ಗಂಟೆ ಅಲ್ಲಾಡಿಸುತ್ತ ಬಸುರಿ ಸಾರಂಗಗಳನ್ನು ಆ ಇಳಿಜಾರಿಗೆ ನಡೆಸಿಕೊಂಡು ಹೋಗುತ್ತಿದ್ದವಳು ಅವಳೇ. ಮೂರು ವಾರದಿಂದ ಕಾಣೆಯಾಗಿದ್ದಳು.

ಮರುದಿನ ಬೆಳಿಗ್ಗೆ ಗಾಳಿ ಬೀಸಿ ಹೆಜ್ಜೆಗುರುತುಗಳೆಲ್ಲ ಅಳಿಸಿಹೋಗಿದ್ದವು. ಅಕ್ಕ-ತಮ್ಮ ನೋಡುತ್ತಿದ್ದಂತೆ ಸ್ತೂರೆ ಬಿಲದ ಬಾಯಿಯ ಮುಂದೆ ಮಂಡಿಯೂರಿ ತಲೆಯಾಡಿಸಿದ.

"ಬರೀ ತೂತು ನೋಡಿ ಬರೆಯೋ ಹಾಗಿಲ್ಲ ರಿಸ್ತೆನ್. ಕೂದಲೋ, ಹಿಕ್ಕೆಯೋ, ತಂದಿಟ್ಟ ಬೇಟೆಯೋ, ಏನಾದ್ರೂ ಬೇಕು. ಯಂತ್ರ ಬರೋ ಹಿಂದಿನ ವಾರವೇ ನಿಮಗೆ ಬಿಲ ಸಿಕ್ಕಿದೆ ಅಂದ್ರೆ ಕಂಪನಿಯವರು ನನ್ನನ್ನ ಸುಮ್ನೆ ಬಿಡ್ತಾರಾ?"

"ಅಗೀರಿ," ಎಂದಳು ರಿಸ್ತೆನ್.

ಸ್ತೂರೆ ಕೈಗವಸಿನಿಂದ ಹಿಮ ಸರಿಸಿದ. ಮೊದಲು ಒರಟು ಕಂದು ಕೂದಲು ಬಂತು. ಆಮೇಲೆ ಕಡಿದುಹೋದ ಸಾರಂಗದ ತಲೆಯೊಂದು ಒಳಗಿನಿಂದ ಹೊರಬಂತು. ಎಡಗಿವಿಯ ತುದಿಯನ್ನು ಕತ್ತರಿಸಲಾಗಿತ್ತು, ಅದರ ಹಿಂಬದಿಯಲ್ಲಿ ಎರಡು ಕಚ್ಚು. ಆ ಕಚ್ಚುಗಳನ್ನು ಹದಿನಾಲ್ಕು ವರ್ಷದ ಹಿಂದೆ ರಿಸ್ತೆನ್ ಒಡೆತನದ ಗುರುತಾಗಿ ಮೂಸೆತ್‌ಳ ಕಿವಿಗೆ ತನ್ನ ಚಾಕುವಿನಿಂದಲೇ ಹಾಕಿದ್ದಳು.

ಹೇಯ್ಕಾ ತಿರುಗಿ ಹಿಮಗಾಡಿಯ ಕಡೆ ನಡೆದ.

"ಇದು ಸಾಕು. ಯಾರ ಗುರುತು, ಗೊತ್ತಾ?" ಸ್ತೂರೆ ಪೆನ್ಸಿಲ್ ತೆಗೆದ.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಅವಳು ಆ ಕಿವಿಗಂಟಿದ ಹಿಮ ಒರೆಸಿದಳು.

"ನಂದೇ. ಬರ್ಕೊಳ್ಳಿ."

ಹಿಂದಿನಿಂದ ಹೇಯ್ಕಾನ ಹಿಮಗಾಡಿ ಬಿಲದ ಕಡೆಗೆ ಗುರುಗುಟ್ಟುತ್ತ ಬಂತು. ರಿಸ್ತೆನ್ ಬಿಲಕ್ಕೆ ಬೆನ್ನು ಮಾಡಿ, ತಮ್ಮನಿಗೆ ಎದುರಾಗಿ ನಿಂತಳು. ಕೊನೆಗೆ ಹೇಯ್ಕಾ ಗಾಡಿಯ ಎಂಜಿನ್ ನಿಲ್ಲಿಸಿದ.

"ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ," ಎಂದ.

ಸೋಮವಾರ ಯಂತ್ರ ಬರಲಿಲ್ಲ.

ಮೇ ಮೊದಲ ವಾರ ಇಳಿಜಾರಿನಲ್ಲಿ ಕಪ್ಪು ನೆಲ ಕಾಣಿಸಿಕೊಂಡಿತು. ರಿಸ್ತೆನ್ ಮೂಸೆತ್‌ಳ ಮಗಳ ಕೊರಳಿಗೆ ಬೇರೊಂದು ಗಂಟೆ ಕಟ್ಟಿ, ಹಗ್ಗ ಹಿಡಿದು ಮುಂದೆ ನಡೆದಳು. ಹೊಸಬಳು ಗಂಟೆಯ ಸದ್ದು ಕೇಳಿದಾಗಲೆಲ್ಲ ಬೆಚ್ಚುತ್ತಿದ್ದಳು. ಹಿಂಡು ದೂರ ಬಿಟ್ಟು ಹಿಂಬಾಲಿಸಿತು. ಬಿಲದ ಕೆಳಗೆ ಬಂದಾಗ ಗಾಳಿ ಅಲ್ಲಿಂದಲೇ ಬೀಸುತ್ತಿತ್ತು. ಎಳೆಯ ಸಾರಂಗ ಮೂಗರಳಿಸಿ ನಾಲ್ಕು ಕಾಲೂರಿ ನಿಂತುಬಿಟ್ಟಿತು. ಅದರ ಹಿಂದೆ ಇಡೀ ಹಿಂಡು ನಿಂತಿತು.

"ಬಾರೇ, ನಾನಿದೀನಲ್ಲ," ಎಂದು ರಿಸ್ತೆನ್ ಹಗ್ಗ ಜಗ್ಗಿದಳು.

ಅದು ಕದಲಲಿಲ್ಲ. ಹಿಂಡಿನ ಹಿಂದಿದ್ದ ಹೇಯ್ಕಾ ಮೇಲೆ ಬಂದು, ಅಕ್ಕನ ಕೈಯ ಮುಂದೆ ತನ್ನ ಕೈಯಿಟ್ಟು ಅದೇ ಹಗ್ಗ ಹಿಡಿದ.