ಬಿಸಿಲೂ ಇಲ್ಲದ, ಮಳೆಯೂ ಇಲ್ಲದ ವಾರ

ಮದ್ರಾಸಿಗೆ ಹೋಗಲು ತಕ್ಕ ಕಾಲ ಯಾವುದೆಂದು ಶ್ರೀನಿವಾಸಪ್ಪನಷ್ಟು ಖಚಿತವಾಗಿ ಹೇಳಬಲ್ಲವರು ಬಂಗಾರಪೇಟೆಯಲ್ಲಿ ಬೇರೊಬ್ಬರಿರಲಿಲ್ಲ. ಆದರೆ ಅವನು ಮಾತ್ರ ಮೂರು ವರ್ಷಗಳಿಂದ ಹೊರಡುತ್ತಲೇ ಇದ್ದ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ನೇರ ಸ್ಟೇಷನ್ನಿಗೆ ಬಂದು, ಆ ಕಡೆಯ ರೈಲಿನಿಂದ ಇಳಿದವರನ್ನು ತಡೆದು ಕೇಳುವುದು ಅವನ ಪರಿಪಾಠ: "ಸಾಮಿ, ಅಲ್ಲಿ ಬಿಸಿಲೆಂಗೈತೆ?"

ಅಲ್ಲಿ ಅವನಿಗಾಗಿ ಕಾಯುತ್ತಿದ್ದವನು ಸೆಲ್ವರಾಜ್. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಸುರಂಗದಲ್ಲಿ ಇಬ್ಬರೂ ಇಪ್ಪತ್ತು ವರ್ಷ ಒಂದೇ ಯಂತ್ರ ಹಿಡಿದು ಬಂಡೆ ಕೊರೆದವರು. ಗಣಿ ಮುಚ್ಚಿದ ಮೇಲೆ ಶ್ರೀನಿವಾಸಪ್ಪ ಊರಿಗೆ ಮರಳಿ ಎರಡು ಹಸು ಕಟ್ಟಿದ. ಸೆಲ್ವರಾಜ್ ಉರಿಗಾಂನ ಗಣಿ ಕಾರ್ಮಿಕರ ಲೈನಿನ ಮನೆ ಬಿಟ್ಟು ಮಗಳು ಪುಷ್ಪಳೊಡನೆ ಮದ್ರಾಸು ಸೇರಿದ. ಎದೆಯೊಳಗಿನ ಕಲ್ಲಿನ ದೂಳೂ ಅವನೊಡನೆ ಹೋಯಿತು.

ಕಳೆದ ಏಪ್ರಿಲ್‌ನಲ್ಲಿ ಅವನೇ ಫೋನ್ ಮಾಡಿದ್ದ.

"ಲೇ ಸೀನ, ಬಾರ್ಲಾ. ಈಗ ಉಸಿರು ಚೆನ್ನಾಗಾಡ್ತೈತೆ. ಒಂದ್ವಾರ ಕುಂತು ಮಾತಾಡಾನ."

"ಈ ಬಿಸಿಲಾಗಾ? ಬೇಡ ಕಣಪ್ಪಾ."

"ಡೇಯ್, ಭೂಮಿ ಒಳ್ಗೆ ಮುಟ್ಟಿದ್ರೆ ಸುಡೋ ಬಂಡೆಗೆ ಬೆನ್ನು ಕೊಟ್ಟೋನು, ಸೂರ್ಯಂಗೆ ಎದರ್ತೀಯಾ?"

ಇಬ್ಬರೂ ನಕ್ಕರು. ಶ್ರೀನಿವಾಸಪ್ಪ ತನ್ನ ಲೆಕ್ಕಾಚಾರವನ್ನು ಒಪ್ಪಿಸಿದ: ಮೇ ತಿಂಗಳು ಬೆಂಕಿ, ದೀಪಾವಳಿಯ ಸುತ್ತಮುತ್ತ ತುಫಾನು. "ಜನವರಿಗೆ ಬತ್ತೀನಿ. ಬಿಸಿಲೂ ಇರಲ್ಲ, ಮಳೇನೂ ಇರಲ್ಲ."

"ಜನವರಿನಾ?... ಸರಿ ಮಚ್ಚಾ."

ಫೋನಿಟ್ಟಾಗ ಹೆಂಡತಿ ಮುನಿಲಕ್ಷ್ಮಿ ಹುಲ್ಲಿನ ಹೊರೆ ಇಳಿಸುತ್ತ ಅಂದಳು: "ನೀನು ಸ್ನೇಯಿತ್ನ ನೋಡಾಕ್ ಓಗ್ತೀಯೋ, ಮೋಡ ನೋಡಾಕೋ?"

ಜನವರಿಯ ಮೊದಲ ವಾರ ಅವನು ಚೀಲದ ತುಂಬ ಅವರೆಕಾಯಿ ಹೊತ್ತು ಮದ್ರಾಸಿನಲ್ಲಿಳಿದ. ಹವೆ ಅವನು ಹೇಳಿದಂತೆಯೇ ಇತ್ತು. ಕಡಲ ಕಡೆಯಿಂದ ತಂಗಾಳಿ ಬೀಸುತ್ತಿತ್ತು. ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ ಅವನು ಮನೆಯ ಮೆಟ್ಟಿಲೇರಿದ.

ಸೆಲ್ವರಾಜ್ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕುಳಿತಿದ್ದ. ಮೂಗಿನಲ್ಲಿ ಆಕ್ಸಿಜನ್ ನಳಿಕೆ. ಗೆಳೆಯನನ್ನು ಕಂಡು ಬಾಯಿ ತೆರೆದ. ಗೊರಗೊರ ಸದ್ದು ಬಂತೇ ಹೊರತು ಮಾತು ಬರಲಿಲ್ಲ.

"ಬೇಡಪ್ಪಾ, ಸುಮ್ನಿರು," ಎಂದು ಪುಷ್ಪ ಅವನ ಬೆನ್ನು ನೀವಿ, ಶ್ರೀನಿವಾಸಪ್ಪನ ಕಡೆ ತಿರುಗಿದಳು. "ಮಾರ್ಗಳಿ ತಿಂಗಳ ಚಳಿ ಬಿದ್ರೆ ಇಷ್ಟೇ ಮಾಮಾ. ವರ್ಷ ವರ್ಷಕ್ಕೂ ಜಾಸ್ತಿ ಆಗ್ತೈತೆ. ಬಿಸಿಲಲ್ಲಿ ಚೆನ್ನಾಗಿದ್ರು. ಬೀದಿ ಕೊನೆವರ್ಗೂ ನಡ್ಕೊಂಡೋಗಿ ಟೀ ಕುಡ್ದು ಬರೋರು. ಸೀನ ಬಂದ್ರೆ ಇಲ್ಲೇ ಕುಂತ್ಕಂತೀವಿ ಅಂತ ಟೀ ಅಂಗಡಿ ಬೆಂಚು ಕೂಡ ತೋರ್ಸಿದ್ರು."

"ನಂಗ್ಯಾಕೆ ಯೋಳ್ಲಿಲ್ಲವ್ವಾ?"

"ಕಾಯ್ಲೆ ಅಂತ ಕರೀಬೇಡ ಅಂದ್ರು. ಅವ್ನಾಗವ್ನೇ ಬರ್ಲಿ ಅಂದ್ರು."

ಅವಳು ಹೇಳಬೇಕಾಗಿಯೇ ಇರಲಿಲ್ಲ. ಮಂಜು ಬೀಳತೊಡಗಿದರೆ ಉರಿಗಾಂನ ಲೈನುಗಳಲ್ಲಿ ಮನೆಮನೆಯ ಕಿಟಕಿಗಳೂ ಮುಚ್ಚಿಕೊಳ್ಳುತ್ತಿದ್ದವು. ದೂಳು ತಿಂದ ಎದೆಗಳ ಕೆಮ್ಮು ಬೆಳಗಿನವರೆಗೂ ಕೇಳುತ್ತಿತ್ತು. ಅದನ್ನು ಕೇಳಿಯೇ ಬಾಳಿದವನು ಶ್ರೀನಿವಾಸಪ್ಪ. ರೈಲಿಳಿದ ಅಪರಿಚಿತರನ್ನೆಲ್ಲ ಬಿಸಿಲಿನ ಸುದ್ದಿ ಕೇಳಿದ್ದ. ಉಸಿರು ಚೆನ್ನಾಗಿದೆಯೆಂದು ಗೆಳೆಯ ತಾನಾಗಿ ಹೇಳಿದಾಗ ಮಾತ್ರ ಕಿವಿಗೆ ಹಾಕಿಕೊಂಡಿರಲಿಲ್ಲ. ತನ್ನ ಮೈಗೆ ಹಿತವಾದ ವಾರವನ್ನು ಆರಿಸಿಕೊಂಡಿದ್ದ.

ಬಂದವನಿಗೆ ಸೆಕೆಯಾದೀತೆಂದು ತೆರೆದಿಟ್ಟಿದ್ದ ಕಿಟಕಿಗಳಿಂದ ತಂಗಾಳಿ ಒಳಗೆ ನುಗ್ಗಿತು. ಸೆಲ್ವರಾಜ್ ಕೆಮ್ಮಿ ಕೆಮ್ಮಿ ಮುದುಡಿದ. ಶ್ರೀನಿವಾಸಪ್ಪ ಎದ್ದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದ. ಗಾಳಿಯಾಡದ ಕೋಣೆಯ ಧಗೆಯಲ್ಲಿ ಬೆವರುತ್ತ ಮಂಚದ ಅಂಚಿನಲ್ಲಿ ಕುಳಿತ.

"ಲೇ ಸೆಲ್ವಾ, ಅವತ್ತು ಗಣಿಗಿಳಿಯೋ ಕೇಜು ಮಧ್ಯದಾಗೆ ನಿಂತೋಯ್ತಲ್ಲಾ, ಕತ್ಲಾಗೆ ನಾವು ಮೂವರೇ. ನೀನು, ನಾನು, ಆ ಚಾಂಪಿಯನ್ ರೀಫ್ ಗಣಿಯೋನು... ಏನ್ಲಾ ಅವ್ನೆಸ್ರು?"

ಸೆಲ್ವರಾಜನಿಗೆ ಗೊತ್ತಿತ್ತು. ಕಣ್ಣುಗಳು ಅರಳಿದವು, ತುಟಿಗಳು ಎರಡು ಬಾರಿ ಅಲುಗಿದವು. ಶ್ರೀನಿವಾಸಪ್ಪ ಕಿವಿಯನ್ನು ಅವನ ಬಾಯಿಯ ಬಳಿಗೆ ಒಯ್ದು ಕಾದ. ನಳಿಕೆಯ ಸುಯ್ಯೆನ್ನುವ ಸದ್ದಷ್ಟೇ ಕೇಳಿಸಿತು.

"ಇರ್ಲಿ ಬಿಡು," ಎಂದು, ಹೆಸರಿಲ್ಲದೆಯೇ ಅವನು ಕಥೆಯನ್ನು ಮುಂದುವರಿಸಿದ.