ಹನ್ನೊಂದೂವರೆಯ ಮೇಲಿನ ಖಾಲಿ ಉಂಗುರ

ನಾನು ಮಕ್ಕಳ ತೋಳು ಅಳೆದು ಅಪೌಷ್ಟಿಕತೆ ತಿಳಿಸುವ ಪಟ್ಟಿ. ಪ್ಲಾಸ್ಟಿಕ್ ಹಾಳೆಯನ್ನು ಬೆರಳಗಲಕ್ಕೆ ಕತ್ತರಿಸಿ, ಮೈತುಂಬ ಸೆಂಟಿಮೀಟರಿನ ಗೆರೆ ಎಳೆದು ಮೂರು ಬಣ್ಣ ಬಳಿದರು. ಅಲ್ಲಿಗೆ ನನ್ನ ಜನ್ಮವಾಯಿತು. ತೋಳು ಹನ್ನೊಂದೂವರೆಗಿಂತ ಕಡಿಮೆ ಇದ್ದರೆ ಕೆಂಪು, ಅಲ್ಲಿಂದ ಹನ್ನೆರಡೂವರೆಯ ತನಕ ಹಳದಿ, ಆಚೆಗೆ ಹಸಿರು. ಕೆಂಪು ಬಂದ ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ಆರೈಕೆ ಮಾಡುತ್ತಾರೆ. ಹಳದಿಗೆ ಒಂದು ಮೊಟ್ಟೆ ಹೆಚ್ಚು, ಅಷ್ಟೇ.

ಮೊದಲು ಒಬ್ಬ ನರ್ಸಮ್ಮನ ಪಾಲಿಗೆ ಬಂದೆ. ಆಕೆ ನನ್ನನ್ನು ಔಷಧಿ ಚೀಟಿಗಳ ಕಟ್ಟಿಗೆ ಸುತ್ತಿ ಮರೆತೇಬಿಟ್ಟಳು. ಕಲಬುರಗಿ ಸೀಮೆಯ ಒಂದು ಕಲ್ಲುಗಣಿಯ ಪಕ್ಕ ಅಂಗನವಾಡಿ ನಡೆಸುವ ಜಗದೇವಿಯ ಕೈಗೆ ಸಿಕ್ಕ ಮೇಲೆಯೇ ನಾನು ಬದುಕಿದ್ದು.

ಜಗದೇವಿಯ ಲೆಕ್ಕ ಸಡಿಲ, ಮನಸ್ಸು ದೊಡ್ಡದು. "ಗೆರಿ ಮುಟ್ಟೇದಂದ್ರ ಕೆಂಪೇ. ನಡ್ರಿ ದವಾಖಾನಿಗೆ" ಎಂದು ತಾಯಂದಿರನ್ನು ತಾನೇ ಜೀಪು ಹತ್ತಿಸುತ್ತಿದ್ದಳು. ಹಾಗೆ ಹೋದ ಮಕ್ಕಳು ಕೆನ್ನೆ ತುಂಬಿಕೊಂಡು ಬಂದು ನನ್ನನ್ನೇ ಕಚ್ಚಿ ಎಳೆದಾಡುತ್ತಿದ್ದವು. ನನಗದು ಬಲು ಇಷ್ಟವಾಗುತ್ತಿತ್ತು.

ಆಕೆ ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದವಳು. ಆ ಕೊರಗಿಗೆ ನಡುವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದಳು. ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ನನ್ನನ್ನು ಹಾಳೆಯ ಮೇಲಿಟ್ಟು ಸಂಖ್ಯಾರೇಖೆ ಎಳೆಯುತ್ತಿದ್ದಳು. x ಐದಕ್ಕಿಂತ ಕಡಿಮೆ ಎಂದರೆ ಐದರ ಮೇಲೆ ಖಾಲಿ ಉಂಗುರ, ಎಡಕ್ಕೆ ಬಾಣ. ಐದು ಆ ಗುಂಪಿಗೆ ಸೇರದು. ಸೇರಬೇಕಾದರೆ ಉಂಗುರದೊಳಗೆ ಮಸಿ ತುಂಬಬೇಕು. ಒಂದು ದಿನ ನನ್ನ ಕೆಂಪನ್ನು ನೋಡಿ ತಟ್ಟನೆ ನಕ್ಕಳು. "ಅಯ್ಯ, ಇದೂ ಅದೇ ಲೆಕ್ಕ ಅದ! ಇಷ್ಟು ದಿನ ತಪ್ಪು ಮಾಡೀನಿ ನೋಡು." ಪೆನ್ನು ತೆಗೆದು ನನ್ನ ಹನ್ನೊಂದೂವರೆಯ ಮೇಲೆ ಖಾಲಿ ಉಂಗುರ ಬರೆದಳು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಆಕೆಯ ಮುಕ್ಕಾಲನ್ನು ಆ ಒಕ್ಕಾಲು ನುಂಗಿಹಾಕಿತು.

ಮರುವಾರ, ಗಣಿಯಲ್ಲಿ ಕಲ್ಲು ಹೊರುವ ರುಕ್ಮಾಬಾಯಿ ತನ್ನ ಒಂದೂವರೆ ವರ್ಷದ ಅಂಬಿಕಾಳನ್ನು ಎತ್ತಿಕೊಂಡು ಬಂದಳು. ಆ ತೋಳಿಗೆ ನನ್ನನ್ನು ಸುತ್ತಿದಾಗ ಎಲುಬೇ ನನಗೆ ತಗಲಿತು. ಅಳತೆ ಸರಿಯಾಗಿ ಉಂಗುರದ ನಡುವೆ ನಿಂತಿತು.

"ಮೊದಲಾಗಿದ್ರ ಕೆಂಪಂತ ಬರೀತಿದ್ದೆ," ಎಂದಳು ಜಗದೇವಿ ಹೆಮ್ಮೆಯಿಂದ. "ಹನ್ನೊಂದೂವರಿ ಕೆಂಪಿನಾಗ ಬರಂಗಿಲ್ಲ. ಒಂದು ಗೆರಿ ಕಮ್ಮಿ ಇದ್ದಿದ್ರ ದವಾಖಾನಿಗೆ ಕಳಸ್ತಿದ್ದೆ. ತತ್ತಿ ಒಯ್ಯವ್ವ, ಬರೋ ತಿಂಗಳ ಮತ್ತ ನೋಡೋಣ."

"ಹಂಗಂದ್ರ ಚಲೋ ಅದಾಳೇನ್ರಿ?" ರುಕ್ಮಾಬಾಯಿಯ ಮುಖ ಅರಳಿತು.

ಆ ತಿಂಗಳು ಮಗುವಿಗೆ ಬರಲೇ ಇಲ್ಲ. ವಾಂತಿಭೇದಿ ಹಿಡಿಯಿತು, ತಡೆದುಕೊಳ್ಳಲು ಆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಈಗ ನನ್ನ ಬಣ್ಣ ಮಾಸಿದೆ. ಜಗದೇವಿ ಬೇರೆ ಪಟ್ಟಿ ತಂದುಕೊಂಡಿದ್ದಾಳೆ, ಗಣಿತದ ಪುಸ್ತಕ ಮುಟ್ಟುವುದಿಲ್ಲ. ಕಪಾಟಿನ ಮೂಲೆಯಲ್ಲಿ ಬಿದ್ದಿರುವ ನನಗೆ ಆಕೆಯ ಅಳುವೂ ಒಮ್ಮೊಮ್ಮೆ ಮರೆತುಹೋಗುತ್ತದೆ. ಮರೆಯದಿರುವುದು ಮಗುವನ್ನು ಮಣ್ಣು ಮಾಡಿದ ಮರುದಿನ ರುಕ್ಮಾಬಾಯಿ ಬಂದು, ಹೊಸ್ತಿಲ ಮೇಲೆ ಕೂತು, ಮೆಲ್ಲಗೆ ಕೇಳಿದ್ದು.

"ಅವತ್ತ ಮುಂಜಾನಿ ಹೊಟ್ಟಿ ತುಂಬ ಗಂಜಿ ಕುಡಿಸಿ ತಂದಿದ್ದೆರಿ ಅಕ್ಕೋರೆ. ಅದಕ್ಕೇ ಕೈ ದಪ್ಪ ಬಂತೇನ್ರಿ? ನಾ ಕುಡಿಸಬಾರದಿತ್ತೇನ್ರಿ?"